ಬೂಟುಗಾಲಿನ ಕಲ್ಲುಕುಟಿಗ

ಮರೇಗನಿಗೆ ತನ್ನ ವಯಸ್ಸೆಷ್ಟು ಎಂಬುದು ಎಂದೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದರೆ, ವಖ್ಶ ನದಿ ಎರಡನೇ ಸಲ ತಳದವರೆಗೆ ಹೆಪ್ಪುಗಟ್ಟಿದ ಚಳಿಗಾಲದಲ್ಲಿ ಹುಟ್ಟಿದವನು ಎನ್ನುತ್ತಿದ್ದ. ಎರಡನೇ ಸಲ ಎಂದರೆ ಯಾವಾಗಿನಿಂದ ಲೆಕ್ಕ ಎಂದು ಮತ್ತೆ ಕೆಣಕಿದರೆ, "ನಮ್ಮಜ್ಜಿ ಹೇಳ್ತಿದ್ದದ್ದು ಹಾಗೆ, ಹೋಗಿ ಅವಳನ್ನೇ ಕೇಳಿ" ಎಂದು ಉಳಿ ಕೈಗೆತ್ತಿಕೊಳ್ಳುತ್ತಿದ್ದ. ಪೂರ್ತಿ ಹೆಸರು ವಖ್ಶಮರೇಗ, ಆ ನದಿದೇವರ ಸೇವಕ ಎಂದು ಅರ್ಥ. ಸುವಾಸ್ತು ಕಣಿವೆಯ ಜನರ ನಾಲಗೆ ಅಷ್ಟುದ್ದದ ಹೆಸರಿಗೆ ಹೊರಳಲಿಲ್ಲ. ಮೊದಲ ಅರ್ಧ ಬಿಟ್ಟುಹೋಯಿತು, ಸೇವಕ ಮಾತ್ರ ಉಳಿದ.

ಅವನು ಈ ಕಣಿವೆಗೆ ಬಂದದ್ದು ಕಲ್ಲು ಕೆತ್ತುವುದಕ್ಕಲ್ಲ. ಹಿಮದ ಕಣಿವೆದಾರಿ ದಾಟಿ ಬಂದ ಸವಾರರ ದಂಡಿನಲ್ಲಿ ಅವನೂ ಒಬ್ಬ. ಮೊಣಕಾಲವರೆಗಿನ ಉಣ್ಣೆ ಬೂಟು, ದೊಗಲೆ ಚಲ್ಲಣ, ಸೊಂಟದಲ್ಲಿ ಕತ್ತಿ, ತೊಡೆಗಳ ನಡುವೆ ಸಮಂದ ಎಂಬ ಹೊಂಬಣ್ಣದ ಕುದುರೆ. ಸಮಂದ ಮರಿಯಾಗಿದ್ದಾಗ ಅದರ ತಾಯಿ ಸತ್ತಿತ್ತು. ಮರೇಗ ಅದಕ್ಕೆ ಚರ್ಮದ ಚೀಲದಿಂದ ಹಾಲು ಕುಡಿಸಿ ಬೆಳೆಸಿದ್ದ. ಅವನ ಜನ ಗುಡಾರ ಕಿತ್ತು ಹುಲ್ಲು ಹುಡುಕಿಕೊಂಡು ಹೋಗುವವರು. ಅಲ್ಲಿ ಮನುಷ್ಯರ ಹೆಸರು ಮರೆತರೂ ನಡೆದೀತು, ಕುದುರೆಯ ಹೆಸರು ಮರೆತರೆ ಮರ್ಯಾದೆ ಹೋದಂತೆ.

ಕಣಿವೆಗಿಳಿದ ನಾಲ್ಕನೇ ದಿನ ಹೊಳೆ ದಾಟುವಾಗ ಎದುರು ದಡದಿಂದ ಬಾಣಗಳು ಬಂದವು. ದೊಡ್ಡ ಕಾಳಗವೇನೂ ಅಲ್ಲ. ಆದರೆ ಸಮಂದ ಬೆದರಿ ನುಣುಪು ಬಂಡೆಯ ಮೇಲೆ ಜಾರಿತು, ಜಾರಿದ್ದು ಮರೇಗನ ಎಡಗಾಲಿನ ಮೇಲೆಯೇ ಬಿತ್ತು. ಕುದುರೆ ಎದ್ದಿತು, ಅವನು ಏಳಲಿಲ್ಲ. ದಂಡು ಮುಂದಕ್ಕೆ ಹೋಯಿತು. ಇಡೀ ಮಧ್ಯಾಹ್ನ ಕುದುರೆ ಅವನ ಪಕ್ಕದಲ್ಲೇ ನಿಂತು, ಬಿಸಿಲು ಅವನ ಮುಖಕ್ಕೆ ಬೀಳದ ಹಾಗೆ ನೆರಳು ಕೊಟ್ಟು, ಆಗಾಗ ಬಗ್ಗಿ ಅವನ ಬೂಟನ್ನು ನೆಕ್ಕುತ್ತಿತ್ತು. ಸಂಜೆಗೆ ಅವನ ತುಕಡಿಯ ನಾಯಕ ಬುರ್ಜಮಿಹಿರ ಹುಡುಕಿಕೊಂಡು ಬಂದ. ಕಾಲನ್ನು ನೋಡಿದ, ತಲೆಯಾಡಿಸಿದ, ಸಮಂದನ ಲಗಾಮು ಹಿಡಿದ.

"ನಾಯಕ, ಅದು ನನ್ನದು," ಎಂದ ಮರೇಗ.

"ಇನ್ನು ಆರು ತಿಂಗಳು ನಿನಗೆ ನೆಲವೇ ಕುದುರೆ ಕಣೋ. ಸವಾರ ಇಲ್ಲದ ಕುದುರೆ, ಕುದುರೆ ಇಲ್ಲದ ಸವಾರ ಇಬ್ರೂ ನನ್ನ ದಂಡಲ್ಲಿದಾರೆ. ನೀನೇ ಹೇಳು, ನಾನೇನು ಮಾಡಲಿ?"

ಸಮಂದ ಎರಡು ಸಲ ಹಿಂದಿರುಗಿ ನೋಡಿತು. ಇಬ್ಬರು ಸವಾರರು ಮರೇಗನನ್ನು ಕಂಬಳಿಯಲ್ಲಿ ಹೊತ್ತು ಬೆಟ್ಟದ ಮೇಲಿನ ವಿಹಾರದ ಬಾಗಿಲಲ್ಲಿ ಮಲಗಿಸಿ ಹೊರಟುಹೋದರು.

ಆ ವಿಹಾರದವರು ಅವನನ್ನು ಹೊರಗೇ ಬಿಟ್ಟಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಹಿಂದಿನ ದಿನವಷ್ಟೇ ಇದೇ ದಂಡಿನವರು ಬಂದು ಸ್ತೂಪದ ತುದಿಯಲ್ಲಿದ್ದ ಚಿನ್ನದ ರೇಕಿನ ಛತ್ರಿಯನ್ನು ಕಿತ್ತುಕೊಂಡು ಹೋಗಿದ್ದರು. ಆದರೆ ವೈದ್ಯ ಬಲ್ಲ ಭಿಕ್ಷು ಬುಧವರುಮರು ಬಾಗಿಲಿಗೆ ಬಂದು, ಕಂಬಳಿ ಸರಿಸಿ, ಮುರಿದ ಕಾಲನ್ನು ಮುಟ್ಟಿ ನೋಡಿ, "ಒಳಗೆ ತನ್ನಿ. ಮೂಳೆಗೆ ತಾನು ಯಾವ ದಂಡಿನದು ಅಂತ ಗೊತ್ತಿಲ್ಲ," ಎಂದರು.

ಮೂರು ತಿಂಗಳು ಮರೇಗ ಅಂಗಳದ ಆಲಿವ್ ಮರದಡಿಯ ಮಂಚದಲ್ಲಿ ಕಳೆದ. ಆ ಅಂಗಳದ ಇನ್ನೊಂದು ಮಗ್ಗುಲಲ್ಲೇ ಕಲ್ಲುಕುಟಿಗರ ಚಪ್ಪರ. ಹಸಿರು ಛಾಯೆಯ ಬೂದು ಕಲ್ಲು, ಹಾಳೆ ಹಾಳೆಯಾಗಿ ಪದರ ಕಟ್ಟಿಕೊಂಡ ಕಲ್ಲು. ಅದರ ಪುಡಿ ಅವನ ರೊಟ್ಟಿಯ ಮೇಲೂ ಕೂರುತ್ತಿತ್ತು. ಚಪ್ಪರದ ಯಜಮಾನ ಸಿಹಿಲ, ಐವತ್ತು ದಾಟಿದ ಸಿಡುಕ. ಅವನ ಮಗಳು ಧ್ರಮಿಲಾ, ಗಂಡ ಸತ್ತ ಮೇಲೆ ತವರಿಗೆ ಬಂದವಳು. ಕೆತ್ತಿದ ಕಲ್ಲನ್ನು ಮರಳಿನಿಂದ ತಿಕ್ಕಿ ನಯ ಮಾಡುವುದು, ಅದರ ಮೇಲೆ ಚಿನ್ನದ ರೇಕು ಕೂರಿಸುವುದು ಅವಳ ಕೆಲಸ.

ಒಂದು ದಿನ ಸಿಹಿಲ ಹೊಸ ಫಲಕವನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿದ. ಮರೇಗ ಅದನ್ನು ನೋಡಿದ. ಮೊದಲು ತುಟಿ ಬಿಗಿಹಿಡಿದ. ಆಮೇಲೆ ತಡೆಯಲಾರದೆ ನಕ್ಕ. ನಕ್ಕದ್ದಕ್ಕೆ ಕಾಲು ನೋವಾಗಿ ಅತ್ತ, ಅಳುತ್ತಲೇ ಮತ್ತೆ ನಕ್ಕ.

"ಏನಯ್ಯಾ ಅದು?" ಎಂದು ಸಿಹಿಲ ಸುತ್ತಿಗೆ ಹಿಡಿದೇ ಬಂದ.

ಮರೇಗನಿಗೆ ಆಗ ಆ ಊರಿನ ಮಾತು ಅಷ್ಟಿಷ್ಟೇ ಬರುತ್ತಿತ್ತು. "ಅದು... ಯಾವ ಪ್ರಾಣಿ?"

"ಕಣ್ಣು ಕಾಣಲ್ವಾ? ಕುದುರೆ!"

"ಕುದುರೆ ಅಲ್ಲ, ಅಪ್ಪಾ. ಬೀಸೋಕಲ್ಲು ನುಂಗಿದ ಮೇಕೆ."

ಧ್ರಮಿಲಾ ಚಿನ್ನದ ರೇಕು ಹಾರಿಹೋಗದ ಹಾಗೆ ಅಂಗೈ ಮುಚ್ಚಿಕೊಂಡು ಮುಖ ತಿರುಗಿಸಿದಳು. ಅವಳ ಬೆನ್ನು ಅಲುಗುತ್ತಿದ್ದುದು ಸಿಹಿಲನಿಗೆ ಕಂಡಿತು. ಅವನಿಗೆ ಇನ್ನಷ್ಟು ಕೋಪ ಬಂತು.

"ನಮ್ಮ ತಾತ ಯವನರ ಹತ್ತಿರ ಕೆಲಸ ಕಲಿತೋನು. ಬಟ್ಟೆ ಮಡಿಕೆ, ಗುಂಗುರು ಕೂದಲು, ದ್ರಾಕ್ಷಿ ಬಳ್ಳಿ, ಇದರಲ್ಲಿ ಈ ಕಣಿವೇಲಿ ನನ್ನನ್ನ ಮೀರಿಸೋರಿಲ್ಲ. ಊರು ಸುಡೋಕೆ ಬಂದೋನು ನೀನು, ನನಗೆ ಕುದುರೆ ಹೇಳ್ಕೊಡ್ತೀಯಾ?"

"ಬಟ್ಟೆ ಚೆನ್ನಾಗಿದೆ," ಎಂದ ಮರೇಗ ಪ್ರಾಮಾಣಿಕವಾಗಿ. "ಕುದುರೆಗೂ ಬಟ್ಟೆ ಹೊದಿಸಿಬಿಡಿ."

ಸಿಹಿಲ ಒಂದು ಹಿಡಿ ಜೇಡಿಮಣ್ಣನ್ನು ಅವನ ಮಂಚದ ಮೇಲೆ ಒಗೆದು ಹೋದ. ಬೈಗುಳದ ಬದಲಿಗೆ ಒಗೆದದ್ದು. ಮರೇಗ ಅದನ್ನು ಬೇರೆ ಥರ ತಿಳಿದುಕೊಂಡ. ಅವನ ತಾಯಿ ಉಣ್ಣೆಯನ್ನು ನೆನೆಸಿ, ತುಳಿದು, ದಪ್ಪ ಕಂಬಳಿ ಮಾಡಿ, ಅದರ ಮೇಲೆ ಜಿಂಕೆ, ತೋಳ, ಕುದುರೆಗಳನ್ನು ಬಣ್ಣದ ಉಣ್ಣೆಯಲ್ಲಿ ಕತ್ತರಿಸಿ ಹೊಲಿಯುತ್ತಿದ್ದಳು. ಕತ್ತರಿಸಿ ಕೊಡುತ್ತಿದ್ದದ್ದು ಇವನು. ಮೈ ಎಲ್ಲಿ ತಿರುಚಿದರೆ ಪ್ರಾಣಿ ಓಡುತ್ತದೆ, ಎಲ್ಲಿ ಬಾಗಿದರೆ ಮಲಗುತ್ತದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಮಂಚದ ಕಾಲಬಳಿ ಅಂಗೈಯಗಲದ ಮಣ್ಣಿನ ಕುದುರೆಯೊಂದು ಇತ್ತು. ಮುಂಗಾಲು ಮಡಚಿ, ಕತ್ತು ಚಾಚಿ, ಯಾರದೋ ಕಾಲನ್ನು ಮೂಸುವಂತೆ ತಲೆ ಬಗ್ಗಿಸಿತ್ತು.

ಸಿಹಿಲ ಅದನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿ ನೋಡಿದ. "ಯಾರು ಹೇಳಿದರು ನಿನಗೆ ಈ ಕಥೆ?"

"ಯಾವ ಕಥೆ?"

ಬುಧವರುಮರು ಪಕ್ಕದಲ್ಲಿ ಕುಳಿತು ಹೇಳಿದರು. ರಾಜಕುಮಾರ ಮನೆ ಬಿಟ್ಟದ್ದು, ಕಾಡಿನ ಅಂಚಿನಲ್ಲಿ ಒಡವೆ ಕಳಚಿದ್ದು, ಅವನ ಕುದುರೆ ಮಂಡಿಯೂರಿ ಅವನ ಪಾದ ನೆಕ್ಕಿ ಬೀಳ್ಕೊಟ್ಟದ್ದು. ಸಿಹಿಲ ಕೆತ್ತುತ್ತಿದ್ದ ಫಲಕ ಅದೇ. ಕೇಳಿದವರೆಲ್ಲ ರಾಜಕುಮಾರ ಆಮೇಲೆ ಏನಾದ ಎಂದು ಕೇಳುವುದು ವಾಡಿಕೆ. ಮರೇಗ ಕೇಳಿದ್ದು ಬೇರೆ.

"ಕುದುರೆ ಏನಾಯ್ತು?"

"ದುಃಖದಲ್ಲಿ ಸತ್ತುಹೋಯ್ತು. ಸ್ವರ್ಗದಲ್ಲಿ ಹುಟ್ಟಿತು."

"ಅಲ್ಲಿ ಹುಲ್ಲಿದೆಯಾ, ಭಂತೆ?"

ಅರವತ್ತು ವರ್ಷ ಶಾಸ್ತ್ರ ಓದಿದ್ದರೂ ಈ ಪ್ರಶ್ನೆ ಬುಧವರುಮರಿಗೆ ಎದುರಾಗಿರಲಿಲ್ಲ. "ಇರಲೇಬೇಕು," ಎಂದರು ಕೊನೆಗೆ.

ಕಾಲು ಕೂಡಿಕೊಂಡಿತು, ಆದರೆ ಎರಡು ಬೆರಳಗಲ ಗಿಡ್ಡವಾಗಿ. ದಂಡು ಅಷ್ಟರಲ್ಲಿ ಸಿಂಧೂ ದಾಟಿ ಎಲ್ಲಿಗೋ ಹೋಗಿತ್ತು. ಮರೇಗ ಚಪ್ಪರದಲ್ಲಿ ಉಳಿದ. ಮಣ್ಣಿನಲ್ಲಿ ಬಂದದ್ದು ಕಲ್ಲಿನಲ್ಲಿ ಬರಲಿಲ್ಲ. ಮೊದಲ ವರ್ಷ ಅವನು ಮಾಡಿದ್ದು ಹೆಚ್ಚಾಗಿ ಚೂರುಗಳನ್ನು. ಪದರಗಲ್ಲಿಗೆ ಅಡ್ಡ ಏಟು ಬಿದ್ದರೆ ಹಾಳೆ ಕಳಚಿಬಂದು ಒಂದು ತಿಂಗಳ ಕೆಲಸ ಪಾದದ ಮೇಲೆ ಬೀಳುತ್ತದೆ. ಹಾಗೆ ಬಿದ್ದಾಗಲೆಲ್ಲ ಅವನು ತನ್ನ ಭಾಷೆಯಲ್ಲಿ ಬೈಯುತ್ತಿದ್ದ. ಧ್ರಮಿಲಾ ಆ ಬೈಗುಳಗಳನ್ನು ಒಂದೊಂದಾಗಿ ಕಲಿತು, ಚಿನ್ನದ ರೇಕು ಹರಿದಾಗ ಅವನ್ನೇ ಬಳಸತೊಡಗಿದಳು.

"ಅದರ ಅರ್ಥ ಗೊತ್ತಾ ನಿನಗೆ?" ಎಂದು ಒಮ್ಮೆ ಮರೇಗ ಕಿವಿ ಕೆಂಪಗಾಗಿ ಕೇಳಿದ.

"ಇಲ್ಲಪ್ಪ. ಏನು?"

"...ಒಂಟೆಯ ಬಗ್ಗೆ."

"ಬರೀ ಒಂಟೆಯ ಬಗ್ಗೆ ಆಗಿದ್ರೆ ನೀನ್ಯಾಕೆ ಬೆವರ್ತಿದೀಯ, ಚಲ್ಲಣದೋನೇ?"

ಚಲ್ಲಣದವನು ಎಂಬುದು ಅವಳು ಅವನಿಗಿಟ್ಟ ಹೆಸರು. ಕಣಿವೆಯ ಗಂಡಸರೆಲ್ಲ ಪಂಚೆ ಸುತ್ತುವವರು. ಕಾಲಿಗೆ ಎರಡು ಬೇರೆ ಬೇರೆ ಚೀಲ ತೊಡುವುದು ಅವರ ಕಣ್ಣಿಗೆ ತಮಾಷೆ. ಆ ಚಳಿಗಾಲ ಧ್ರಮಿಲಾಳ ಹಿಮ್ಮಡಿ ಒಡೆದು ರಕ್ತ ಬರುವುದನ್ನು ಮರೇಗ ನೋಡಿದ. ಎಲ್ಲಿಂದಲೋ ಉಣ್ಣೆ ತಂದು, ಮೂರು ದಿನ ಕುಂಟುಗಾಲಿನಲ್ಲೇ ತುಳಿದು, ಅವಳ ಅಳತೆಗೆ ಒಂದು ಜೊತೆ ಬೂಟು ಹೊಲಿದು ಅವಳ ಮಣೆಯ ಪಕ್ಕ ಇಟ್ಟ. ಮರುದಿನ ಅವಳು ಅಂಗಳದಲ್ಲಿ ಆ ಬೂಟು ಹಾಕಿಕೊಂಡು, ಬೇಕಿಲ್ಲದಿದ್ದರೂ ಮೂರು ಸಲ ನೀರಿಗೆ ಹೋಗಿಬಂದಳು.

ಮದುವೆಯ ಮಾತು ಬಂದಾಗ ಸಿಹಿಲ ಮರೇಗನನ್ನು ಸ್ತೂಪದ ಬುಡಕ್ಕೆ ಕರೆದೊಯ್ದ. ತುದಿಯಲ್ಲಿ ಇನ್ನೂ ಬರಿಯ ಕಂಬ ನಿಂತಿತ್ತು.

"ಒಂದೇ ಮಾತು ಕೇಳ್ತೀನಿ. ಛತ್ರಿ ಕಿತ್ತ ದಿನ ನೀನು ಇಲ್ಲಿದ್ದೆಯಾ?"

ಮರೇಗ ಸುಳ್ಳು ಹೇಳಬಹುದಿತ್ತು. ನೋಡಿದವರು ಯಾರೂ ಅವನ ಗುರುತು ಹಿಡಿದಿರಲಿಲ್ಲ. "ಇದ್ದೆ, ಅಪ್ಪಾ. ನಾನು ಹತ್ತಲಿಲ್ಲ. ಕೆಳಗೆ ಅವರ ಕುದುರೆಗಳನ್ನ ಹಿಡ್ಕೊಂಡು ನಿಂತಿದ್ದೆ. ಬಿಸಿಲಿಗೆ ಅದು ಹೊಳೀತಾ ಇತ್ತು. ಚೆನ್ನಾಗಿದೆ ಅಂದ್ಕೊಂಡೆ. ಕೀಳಬೇಡಿ ಅನ್ನಲಿಲ್ಲ."

ಸಿಹಿಲ ಮೂರು ದಿನ ಅವನ ಜೊತೆ ಮಾತಾಡಲಿಲ್ಲ. ಮರೇಗ ತನ್ನ ಕಂಬಳಿ ಸುತ್ತಿ ಗಂಟು ಕಟ್ಟಿಟ್ಟ. ಧ್ರಮಿಲಾ ಅಪ್ಪನಿಗೆ ಊಟ ಬಡಿಸಿದಳು. ತಟ್ಟೆ ಮಾತ್ರ ಪ್ರತಿಸಲ ಸ್ವಲ್ಪ ಜೋರಾಗಿ ನೆಲ ಮುಟ್ಟುತ್ತಿತ್ತು. ನಾಲ್ಕನೇ ದಿನ ಸಿಹಿಲ ಚಪ್ಪರಕ್ಕೆ ಬಂದು, ಒಂದು ದೊಡ್ಡ ದುಂಡುಗಲ್ಲನ್ನು ಕಾಲಿನಿಂದ ತೋರಿಸಿದ.

"ಛತ್ರಿಗೆ ಆಗುತ್ತೆ ಇದು. ಕಲ್ಲಿಂದಾದ್ರೆ ಯಾವನೂ ಕೀಳಲ್ಲ. ನೀನು ಒಂದು ಕಡೆಯಿಂದ ಶುರು ಮಾಡು, ನಾನೊಂದು ಕಡೆಯಿಂದ ಮಾಡ್ತೀನಿ. ನಡುವಲ್ಲಿ ಸೇರಿದಾಗ ಮದುವೆ."

ಎಪ್ರಿಕಾಟ್ ಹೂ ಬಿಡುವ ಹೊತ್ತಿಗೆ ನಡುವೆ ಸೇರಿದರು.

ಕಾಲು ಮುರಿದ ಹನ್ನೊಂದು ವರ್ಷಗಳ ಮೇಲೆ ಬುರ್ಜಮಿಹಿರ ಬಂದ. ಈಗ ನಾಯಕನಲ್ಲ, ಕೆಳಗಿನ ಬಯಲಿನ ಒಡೆಯ. ಗುಡಾರ ಹೋಗಿ ಕಲ್ಲಿನ ಮನೆ ಬಂದಿತ್ತು, ಹೊಟ್ಟೆಯೂ ಬಂದಿತ್ತು. ಅವನ ಹೆಂಡತಿ ಭಿಕ್ಷುಗಳ ಮಾತು ಕೇಳುವವಳು, ಅವಳಿಂದ ಅವನೂ ಕೇಳತೊಡಗಿದ್ದ. ಹೊಸ ಸ್ತೂಪಕ್ಕೆ ದಾನ ಕೊಡಲು ಬಂದಿದ್ದ. ಮರೇಗನ ಗುರುತು ಹಿಡಿದು ಅಪ್ಪಿಕೊಂಡ. ಮರೇಗ ಅಪ್ಪುಗೆಯೊಳಗಿಂದಲೇ ಕೇಳಿದ:

"ನಾಯಕ, ನನ್ನ ಕುದುರೆ?"

"ಯಾವ ಕುದುರೆ?"

"ಸಮಂದ. ಹೊಂಬಣ್ಣದ್ದು. ಎಡಗಿವಿಯಲ್ಲಿ ಸೀಳಿತ್ತು."

ಬುರ್ಜಮಿಹಿರ ನಿಜವಾಗಿಯೇ ನೆನಪು ಮಾಡಿಕೊಳ್ಳಲು ಹೆಣಗಿದ. "ಎಷ್ಟೊಂದು ಕುದುರೆ ಬಂದ್ವು ಹೋದ್ವು, ಮಾರಾಯ..." ಎಂದ. ಮರೇಗ ತಲೆಯಾಡಿಸಿ, ಚಪ್ಪರದ ಹಿಂದೆ ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ಉಳಿ ಮಸೆದ. ಅದು ಆಗಲೇ ಚೂಪಾಗಿತ್ತು.

ಒಡೆಯನ ಬೇಡಿಕೆ ಸರಳ. ಫಲಕದ ನಡುವೆ ಬುದ್ಧ, ಪಕ್ಕದಲ್ಲಿ ತಾನು. ಬೂಟು, ಚಲ್ಲಣ, ದಪ್ಪ ಅಂಗಿ ಸಮೇತ. ಎತ್ತರ ಮಾತ್ರ ಸಮಸಮ ಇರಬೇಕು.

ಸಿಹಿಲ ಸುತ್ತಿಗೆ ಕೆಳಗಿಟ್ಟ. ಭಿಕ್ಷುಗಳು ಒಬ್ಬರ ಮುಖ ಒಬ್ಬರು ನೋಡಿದರು. ಬುಧವರುಮರಿಗೆ ಆಗ ತುಂಬ ವಯಸ್ಸಾಗಿತ್ತು. ಆದರೂ ಎದ್ದು ನಿಂತು, "ಹಾಗಾಗೋದಿಲ್ಲ, ಒಡೆಯಾ," ಎಂದರು.

"ಈ ಬಯಲು ನನ್ನದು. ನನ್ನ ಬಯಲಲ್ಲಿ ನಾನು ಗಿಡ್ಡ ಆಗಿ ನಿಲ್ಲಲಾ?"

ಮಾತು ಬಿಸಿಯೇರುವ ಮುನ್ನ ಮರೇಗ ಕುಂಟುತ್ತ ನಡುವೆ ಬಂದ. ತನ್ನ ಜನರ ಭಾಷೆಯಲ್ಲೇ ಮಾತಾಡಿದ. "ನಾಯಕ, ಸಮಸಮವೇ ಮಾಡ್ತೀನಿ. ನಿನ್ನ ತಲೆ, ಅವರ ತಲೆ ಒಂದೇ ಗೆರೆಗೆ ಬರುತ್ತೆ, ದಾರ ಹಿಡಿದು ನೋಡ್ಕೋ. ಆದ್ರೆ ಒಂದು. ಅವರು ಕೂತಿರ್ತಾರೆ. ನೀನು ನಿಂತಿರ್ತೀಯ."

ಬುರ್ಜಮಿಹಿರ ಮನಸ್ಸಿನಲ್ಲೇ ಅಳೆದ. ತಲೆಗಳು ಸಮ, ಸರಿ. ಒಪ್ಪಿಕೊಂಡ. ಮರೇಗ ಅದನ್ನೇ ಊರಿನ ಮಾತಿನಲ್ಲಿ ಭಿಕ್ಷುಗಳಿಗೆ ಹೇಳಿದ. ಬುಧವರುಮರು ಕಣ್ಣು ಕಿರಿದು ಮಾಡಿದರು. "ಅಲ್ಲಯ್ಯಾ, ಅವರು ಎದ್ದು ನಿಂತ್ರೆ ಎಷ್ಟೆತ್ತರ ಆಗ್ತಾರೆ?"

"ಅದನ್ನ ನೋಡಿದೋರು ಯೋಚನೆ ಮಾಡ್ಲಿ, ಭಂತೆ. ನಾವ್ಯಾಕೆ ಹೇಳೋಣ?"

ಫಲಕಕ್ಕಾಗಿ ಒಡೆಯ ನಾಲ್ಕು ದಿನ ಚಪ್ಪರದಲ್ಲಿ ನಿಂತ. ಕತ್ತಿಯ ಹಿಡಿಯ ಮೇಲೆ ಕೈಯಿಟ್ಟೇ ನಿಲ್ಲುತ್ತಿದ್ದ. ಧ್ರಮಿಲಾ ಒಂದು ತಾವರೆ ಮೊಗ್ಗನ್ನು ತಂದು ಆ ಕೈಗೆ ಕೊಟ್ಟಳು. ಲಗಾಮು, ಕತ್ತಿ, ಚಾವಟಿ ಬಿಟ್ಟು ಬೇರೇನೂ ಹಿಡಿದು ಗೊತ್ತಿಲ್ಲದ ಆ ದಪ್ಪ ಬೆರಳುಗಳು ಹೂವನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ, ಹಕ್ಕಿಮರಿಯನ್ನು ಹಿಡಿದ ಹಾಗೆ ಹಿಡಿದವು. ಮರೇಗನ ಮನಸ್ಸಿನಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದ ಗಂಟು ಅದನ್ನು ನೋಡುತ್ತ ಸಡಿಲವಾಯಿತು. ಪೂರ್ತಿ ಬಿಚ್ಚಲಿಲ್ಲ, ಸಡಿಲವಾಯಿತು. ಆ ಕೈಯನ್ನೇ ಹಾಗೆಯೇ ಕೆತ್ತಿದ. ಮೊಣಕಾಲಲ್ಲಿ ಚಲ್ಲಣ ಬೂಟಿನೊಳಗೆ ಸೇರುವ ಕಡೆಯ ಸುಕ್ಕು, ಅಂಗಿಯ ಅಂಚಿನ ತೂಕ, ಹಿಮ್ಮಡಿಯ ಹೊಲಿಗೆ ಎಲ್ಲ ಬಂತು. ಒಡೆಯನ ಹೆಂಡತಿ ಅದನ್ನು ಮುಟ್ಟಿ ನೋಡಿ, "ಇಷ್ಟು ವರ್ಷದಲ್ಲಿ ಇವರು ನನಗೆ ಹೀಗೆ ಒಂದು ಹೂ ಹಿಡಿದದ್ದಿಲ್ಲ," ಎಂದಳು. ಬುರ್ಜಮಿಹಿರ ಕೆಮ್ಮಿದ.

ಅಲ್ಲಿಂದ ಆ ಬಯಲಿನ ಸವಾರರ ಮನೆತನಗಳೆಲ್ಲ ಮರೇಗನನ್ನೇ ಹುಡುಕಿಕೊಂಡು ಬಂದವು. ಬೂಟು, ಚಲ್ಲಣ, ಕುದುರೆ, ದಾನಿಗಳ ಸಾಲು ಅವನದು. ಬುದ್ಧನ ಮುಖ ಮಾತ್ರ ಸಿಹಿಲನದು. ಆದರೆ ಸಿಹಿಲನ ಕೈ ನಡುಗತೊಡಗಿತು. ಒಂದು ಬೆಳಿಗ್ಗೆ ಅವನು ಅರ್ಧ ಮುಗಿದ ಮೂರ್ತಿಯ ಮುಂದೆ ಉಳಿ ಹಿಡಿದು ಕುಳಿತವನು, ಮಧ್ಯಾಹ್ನದವರೆಗೂ ಒಂದೇಟೂ ಹಾಕಲಿಲ್ಲ.

"ಬಾರಯ್ಯ," ಎಂದ. "ಮುಖ ನೀನು ಮಾಡು."

"ನನ್ನಿಂದಾಗಲ್ಲ, ಮಾವ. ನಾನು ಹೊರಗಿನೋನು."

"ಈ ಕೂದಲು ಯವನರದು. ಮೇಲ್ಬಟ್ಟೆಯೂ ಅವರದೇ. ಕಥೆ ಪೂರ್ವದೇಶದ್ದು, ನಮ್ಮ ಕಣಿವೆಯದಲ್ಲ. ಕೆಳಗೆ ನಿಂತಿರೋ ಬೂಟುಗಳು ನಿಮ್ಮೋರದು. ಹೊರಗಿಂದ ಬರದೇ ಇರೋದು ಈ ಕಲ್ಲೊಂದೇ ಕಣೋ. ಕೂತ್ಕೋ."

ಮರೇಗ ಮೂರು ಮುಖ ಕೆಡಿಸಿದ. ಮೊದಲನೆಯದು ಕೋಪಿಸಿಕೊಂಡಂತಿತ್ತು. ಎರಡನೆಯದು ನಿದ್ದೆಗಣ್ಣಿನ ದ್ರಾಕ್ಷಾರಸದ ವ್ಯಾಪಾರಿಯಂತೆ. ಮೂರನೆಯದನ್ನು ಧ್ರಮಿಲಾ ಸುತ್ತು ಹಾಕಿ ನೋಡಿ, "ಇನ್ನೇನು ಕೆನೆದುಬಿಡ್ತಾರೆ ಅನ್ನೋ ಹಾಗಿದೆ," ಎಂದಳು.

ಅವಳು ತಮಾಷೆಗೆ ಹೇಳಿದ್ದು. ಅವನು ಮಾತ್ರ ಎದ್ದುಹೋಗಿ ವಿಹಾರದ ಕೆಳಗಿನ ಹುಲ್ಲುಗಾವಲಿನಲ್ಲಿ ಕುಳಿತ. ನಡುಹಗಲು. ಯಾರದೋ ನಾಲ್ಕು ಕುದುರೆಗಳು ನಿಂತಲ್ಲೇ ನಿಂತಿದ್ದವು. ರೆಪ್ಪೆ ಅರ್ಧ ಇಳಿದಿತ್ತು, ಕೆಳತುಟಿ ಸಡಿಲವಾಗಿತ್ತು. ನೋಡಿದವರು ಮಲಗಿವೆ ಎನ್ನುತ್ತಾರೆ. ಮಲಗಿಲ್ಲ. ಹುಲ್ಲಿನಲ್ಲಿ ಮಿಡತೆ ಹಾರಿದರೂ ಅವಕ್ಕೆ ಗೊತ್ತಾಗುತ್ತದೆ. ಎಲ್ಲವೂ ಕೇಳಿಸುತ್ತಿದೆ, ಯಾವುದಕ್ಕೂ ಬೆದರುತ್ತಿಲ್ಲ. ಅವನು ಸಂಜೆವರೆಗೂ ಅಲ್ಲೇ ಕುಳಿತು ಆ ರೆಪ್ಪೆಗಳನ್ನು ನೋಡಿದ.

ನಾಲ್ಕನೇ ಮುಖಕ್ಕೆ ಹದಿನೇಳು ದಿನ ಹಿಡಿಯಿತು. ಧ್ರಮಿಲಾ ಮರಳಿನಿಂದ ತಿಕ್ಕಿ, ಒದ್ದೆಬಟ್ಟೆಯಿಂದ ಒರೆಸಿದಳು. ಸಿಹಿಲ ಹತ್ತಿರ ಬಂದು, ನಡುಗುವ ಹೆಬ್ಬೆರಳನ್ನು ಆ ಅರ್ಧ ಇಳಿದ ರೆಪ್ಪೆಯ ಮೇಲೆ ಆಡಿಸಿದ.

"ಎಲ್ಲಿ ನೋಡಿದೆ ಇದನ್ನ?"

ಮರೇಗ ಹೇಳಲಿಲ್ಲ. ಹೇಳಿದರೆ ಭಿಕ್ಷುಗಳಿಗೆ ಬೇಸರವಾದೀತೆಂದು ಹೆಂಡತಿಗೆ ಮಾತ್ರ ಕಿವಿಯಲ್ಲಿ ಹೇಳಿದ. ಅವಳು ಆ ಮಾತನ್ನು ಬುಧವರುಮರ ತನಕ ಮುಟ್ಟಿಸಲು ಎರಡು ದಿನವೂ ತಡೆಯಲಿಲ್ಲ. ಹಾಸಿಗೆ ಹಿಡಿದಿದ್ದ ಆ ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕು, "ಬೇಸರ ಯಾಕೆ? ಎಚ್ಚರವಾಗಿರೋದನ್ನ ಅವನು ಎಲ್ಲಾದ್ರೂ ಕಲೀಲಿ," ಎಂದರು. ಆ ಚಳಿಗಾಲ ಅವರು ತೀರಿಕೊಂಡರು. ಎರಡು ವರ್ಷಕ್ಕೆ ಸಿಹಿಲನೂ ಹೋದ. ಉಳಿಗಳನ್ನು ಮಗಳಿಗೂ ಅಳಿಯನಿಗೂ ಸಮವಾಗಿ ಹಂಚಿಟ್ಟಿದ್ದ.

ಮರೇಗ ಅವರಿಬ್ಬರ ನಂತರವೂ ಬಹಳ ಕಾಲ ಬಾಳಿದ. ಮೂವರು ಹೆಣ್ಣುಮಕ್ಕಳಾದರು, ಮೂವರೂ ತಾಯಿಯ ನಾಲಗೆ ಪಡೆದವರು. ಕುದುರೆ ಮತ್ತೆ ಕೊಳ್ಳಲಿಲ್ಲ. ಹೆಂಡತಿ ಎಷ್ಟೋ ಸಲ ಹೇಳಿದರೂ, "ಕಾಲು ಸರಿಯಿಲ್ಲ," ಎನ್ನುತ್ತಿದ್ದ. ಪಂಚೆಯನ್ನೂ ಉಡಲಿಲ್ಲ. ತಕ್ಷಶಿಲೆಯ ಕಡೆಯಿಂದ ಗಾರೆಯವರ ಒಂದು ತಂಡ ಬಂದಾಗ ಅವನಿಗೆ ಎಪ್ಪತ್ತೋ ಎಪ್ಪತ್ತೈದೋ. ಅವರು ಕಲ್ಲನ್ನೇ ಮುಟ್ಟುವವರಲ್ಲ. ಸುಣ್ಣ ಕಲಸಿ, ಮೆತ್ತಿ, ಬೆರಳಲ್ಲೇ ಮುಖ ಎಬ್ಬಿಸುವವರು. ಒಂದು ವರ್ಷದ ಕೆಲಸ ಒಂದು ತಿಂಗಳಲ್ಲಿ ಆಗುತ್ತಿತ್ತು. ಭಿಕ್ಷುಗಳಿಗೆ ಖುಷಿ. ಮರೇಗನಿಗೆ ಮೈಯೆಲ್ಲ ಉರಿ.

"ಇದು ಕೆಲಸ ಅಲ್ಲ, ಅಡುಗೆ," ಎಂದು ಅಂಗಳದ ತುಂಬ ಸಾರಿದ. "ಹಿಟ್ಟು ನಾದಿ ದೇವರು ಮಾಡ್ತಾರಂತೆ!"

ಆ ತಂಡದ ಮುಖ್ಯಸ್ಥೆ ತಕ್ಷಶಿಲೆಯ ಗಟ್ಟಿಗಿತ್ತಿ, ಮೊಣಕೈವರೆಗೂ ಸುಣ್ಣ ಮೆತ್ತಿಕೊಂಡವಳು. "ಅಜ್ಜಾ, ದೂರ ನಿಂತು ಬೈದ್ರೆ ಕೇಳಲ್ಲ. ಹತ್ತಿರ ಬಂದು, ಕೈಹಾಕಿ, ಆಮೇಲೆ ಬೈಯಿ," ಎಂದಳು.

ಅವನು ಬೈಯುವುದಕ್ಕೆಂದೇ ಹೋದ. ಸುಣ್ಣದ ಮುದ್ದೆಗೆ ಎರಡು ಬೆರಳಿಟ್ಟ. ತಣ್ಣಗಿತ್ತು, ಮೆತ್ತಗಿತ್ತು, ಒತ್ತಿದಲ್ಲಿ ಒತ್ತಿಸಿಕೊಂಡಿತು, ಎಳೆದಲ್ಲಿ ಬಂತು. ತಪ್ಪಾದರೆ ಚೂರಾಗಿ ಪಾದಕ್ಕೆ ಬೀಳಲಿಲ್ಲ, ಮತ್ತೊಮ್ಮೆ ಮೆತ್ತಿದರಾಯಿತು. ಧ್ರಮಿಲಾ ಊಟಕ್ಕೆ ಕರೆದಳು. ಕೇಳಿಸಲಿಲ್ಲ. ಮತ್ತೆ ಕರೆದಳು. ಕೊನೆಗೆ ಅವಳೇ ಬಂದು ನೋಡಿದಾಗ ಮುದುಕ ಗಡ್ಡಕ್ಕೆಲ್ಲ ಸುಣ್ಣ ಮಾಡಿಕೊಂಡು, ಗಾರೆಯವಳ ಪಕ್ಕ ಮಂಡಿಯೂರಿ ಕುಳಿತು, "ಹೋಗೇ, ನೀವು ತಿನ್ನಿ. ಇವಳಿಗೆ ಮೂಗು ಮಾಡೋಕೆ ಬರಲ್ಲ, ತೋರಿಸಿಕೊಟ್ಟು ಬರ್ತೀನಿ," ಎಂದ.

"ಅಜ್ಜಾ, ಅದು ಮೂಗಲ್ಲ, ಕಿವಿ," ಎಂದಳು ಗಾರೆಯವಳು.

"ಗೊತ್ತು, ಗೊತ್ತು. ಇನ್ನೊಂಚೂರು ಸುಣ್ಣ ಕೊಡು."